ಒಂದೇ ದಿನ, ಯಾವ ಹಳ್ಳಿ? ಲಂಡನ್ನಿನಿಂದ ಹೋಗಿಬರಬಹುದಾದ ಇಂಗ್ಲೆಂಡಿನ ಹಳ್ಳಿಗಳ ಹೋಲಿಕೆ

ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವ ಮಕ್ಕಳ ಮನೆಗೆ ಕರ್ನಾಟಕದಿಂದ ಬರುವ ತಂದೆತಾಯಿಯರು, ಕಚೇರಿಯ ಕೆಲಸಕ್ಕೆಂದು ಬಂದು ಒಂದು ವಾರಾಂತ್ಯ ಬಿಡುವು ಸಿಕ್ಕವರು, ಓದಲು ಬಂದ ವಿದ್ಯಾರ್ಥಿಗಳು, ಇವರೆಲ್ಲರೂ ಲಂಡನ್ ನೋಡಿ ಮುಗಿಸಿದ ಮೇಲೆ ಹಳ್ಳಿಯ ಕಡೆ ಒಂದು ದಿನ ಹೋಗಿಬರಬೇಕೆಂದು ಬಯಸುತ್ತಾರೆ. ಆದರೆ ಹುಡುಕಲು ಕುಳಿತರೆ ಇಪ್ಪತ್ತು ಮೂವತ್ತು ಊರುಗಳ ಹೆಸರು ಒಟ್ಟಿಗೆ ಎದುರಾಗುತ್ತವೆ. ಎಲ್ಲದರ ಚಿತ್ರದಲ್ಲಿಯೂ ಕಲ್ಲಿನ ಮನೆ, ಹೂಬಳ್ಳಿ, ಸಣ್ಣ ಹೊಳೆ, ಸೇತುವೆ ಇರುತ್ತವೆ. ಚಿತ್ರ ನೋಡಿ ಆರಿಸಲು ಸಾಧ್ಯವಿಲ್ಲ. ಈ ಊರುಗಳ ನಡುವಣ ನಿಜವಾದ ವ್ಯತ್ಯಾಸ ಅವುಗಳನ್ನು ತಲುಪುವ ದಾರಿಯಲ್ಲಿ, ಅಲ್ಲಿ ನಡೆಯಲು ಸಿಗುವ ನೆಲದಲ್ಲಿ, ಜನಜಂಗುಳಿಯಲ್ಲಿ, ಮತ್ತು ಆ ಊರು ಇಂದಿನವರೆಗೆ ಹಳೆಯ ರೂಪದಲ್ಲಿಯೇ ಉಳಿದುಬಂದ ಕಾರಣದಲ್ಲಿದೆ. ನನ್ನ ಖಚಿತವಾದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ದಿನದಲ್ಲಿ ಎರಡು ಊರುಗಳಿಗಿಂತ ಹೆಚ್ಚು ನೋಡಲು ಹೋಗಬಾರದು, ಸಾಧ್ಯವಾದರೆ ಆ ಎರಡರ ನಡುವಣ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಬೇಕು.

ಹಳೆಯ ರೂಪ ಉಳಿದ ಕಾರಣವನ್ನು ಏಕೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದರೆ, ಅದು ತಿಳಿದಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಈ ಊರುಗಳಲ್ಲಿ ಹೆಚ್ಚಿನವನ್ನು ಯಾರೂ ಅಂದಕ್ಕಾಗಿ ಕಾಪಾಡಿಕೊಂಡು ಬಂದದ್ದಲ್ಲ. ಮಧ್ಯಯುಗದ ಇಂಗ್ಲೆಂಡಿನ ಸಂಪತ್ತಿನ ಮೂಲ ಕುರಿಯ ಉಣ್ಣೆಯಾಗಿತ್ತು. ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಲ್ಲಿ ಸಭಾಧ್ಯಕ್ಷರು ಕೂರುವ ಆಸನವು ಇಂದಿಗೂ ಉಣ್ಣೆ ತುಂಬಿದ ದಿಂಬೇ ಆಗಿದೆ. ಆ ಹಣದಿಂದ ವರ್ತಕರು ದೊಡ್ಡ ಮನೆಗಳನ್ನೂ ಊರಿಗೆ ಮೀರಿದ ಗಾತ್ರದ ಚರ್ಚುಗಳನ್ನೂ ಕಟ್ಟಿಸಿದರು. ಮುಂದೆ ಬಟ್ಟೆಯ ಉದ್ಯಮವು ಕಲ್ಲಿದ್ದಲು ಮತ್ತು ಉಗಿಯಂತ್ರಗಳಿದ್ದ ಉತ್ತರದ ಯಾರ್ಕ್‌ಶೈರಿನಂಥ ಪ್ರದೇಶಗಳಿಗೆ ಸರಿದುಹೋದಾಗ ಇಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ಹಣ ಉಳಿಯಲಿಲ್ಲ. ಇಂದು ನಾವು ನೋಡಿ ಮೆಚ್ಚುವ ಬೀದಿಗಳು ಬಹುಮಟ್ಟಿಗೆ ಆ ಬಡತನದ ಫಲ.

ಕಾಟ್ಸ್‌ವೊಲ್ಡ್ಸ್: ಹೆಚ್ಚಿನವರ ಮೊದಲ ಆಯ್ಕೆ

ಲಂಡನ್ನಿನ ವಾಯವ್ಯ ದಿಕ್ಕಿಗೆ, ಆಕ್ಸ್‌ಫರ್ಡ್ ದಾಟಿದ ಮೇಲೆ ಸಿಗುವ ಕಾಟ್ಸ್‌ವೊಲ್ಡ್ಸ್ ಬೆಟ್ಟಸಾಲು ಸುಮಾರು 2,000 ಚದರ ಕಿಲೋಮೀಟರ್ ಹರಡಿದ್ದು, 1966ರಿಂದ ಸಂರಕ್ಷಿತ ಭೂದೃಶ್ಯವಾಗಿದೆ. ಇಲ್ಲಿನ ನೆಲದಡಿಯ ಸುಣ್ಣಕಲ್ಲೇ ಮನೆಯ ಗೋಡೆಗೂ, ಹೊಲದ ಬೇಲಿಗೂ, ಛಾವಣಿಗೂ ಬಳಕೆಯಾಗಿದೆ. ಉತ್ತರ ಭಾಗದಲ್ಲಿ ಕಲ್ಲು ಜೇನಿನ ಬಣ್ಣದ್ದಾಗಿದ್ದು, ದಕ್ಷಿಣಕ್ಕೆ ಬಾತ್ ನಗರದ ಕಡೆ ಸಾಗಿದಂತೆ ಕೆನೆಬಣ್ಣಕ್ಕೆ ತಿರುಗುತ್ತದೆ. ಯಾವುದಾದರೂ ಒಂದು ಹಳೆಯ ಮನೆಯ ಮುಂದೆ ನಿಂತು ಛಾವಣಿಯನ್ನು ಗಮನವಿಟ್ಟು ನೋಡಬೇಕು. ಸೂರಿನ ಅಂಚಿನಲ್ಲಿ ದೊಡ್ಡ ಕಲ್ಲುಹಲಗೆಗಳಿದ್ದು, ಮೇಲೇರಿದಂತೆ ಅವು ಸಾಲುಸಾಲಾಗಿ ಕಿರಿದಾಗುತ್ತಾ, ನೆತ್ತಿಯ ಬಳಿ ಅಂಗೈಯಗಲಕ್ಕೆ ಬಂದು ನಿಲ್ಲುತ್ತವೆ. ಭಾರವಾದ ಹಲಗೆಗಳು ಗೋಡೆಯ ಮೇಲೆ ಕೂರಲಿ, ಹಗುರವಾದವು ಮರದ ತೊಲೆಯ ನಡುವೆ ಬರಲಿ ಎಂಬುದು ಇದರ ಲೆಕ್ಕಾಚಾರ. ಕಲ್ಲು ನೀರು ಹೀರುವ ಗುಣದ್ದಾದುದರಿಂದ ಮಳೆನೀರು ತಂಗದೆ ಜಾರಿಹೋಗಲೆಂದು ಛಾವಣಿಯ ಇಳಿಜಾರನ್ನು ಕಡಿದಾಗಿಸಿದ್ದಾರೆ. ಮೊನಚು ತಲೆಯ ಆ ಮನೆಗಳ ಚೆಲುವು ಹುಟ್ಟಿದ್ದು ಈ ಲೆಕ್ಕದಿಂದಲೇ.

ಈ ಪ್ರದೇಶದೊಳಗೇ ಮತ್ತೆ ಆಯ್ಕೆ ಮಾಡಬೇಕಾಗುತ್ತದೆ. ಅತ್ಯಂತ ಪ್ರಸಿದ್ಧವಾದ ಊರು ಬೈಬರಿ. ಕೋಲ್ನ್ ನದಿಯ ದಂಡೆಯಲ್ಲಿ ಏರುಮುಖವಾಗಿ ನಿಂತಿರುವ ಆರ್ಲಿಂಗ್ಟನ್ ರೋ ಎಂಬ ಮನೆಗಳ ಸಾಲು 14ನೆಯ ಶತಮಾನದ ಕೊನೆಯ ಭಾಗದಲ್ಲಿ ಮಠದ ಉಣ್ಣೆ ಗೋದಾಮಾಗಿ ಕಟ್ಟಿದ್ದು. 17ನೆಯ ಶತಮಾನದಲ್ಲಿ ಅದನ್ನು ನೇಕಾರರ ಮನೆಗಳಾಗಿ ಮಾರ್ಪಡಿಸಿದರು. ಅದರ ಮುಂದಿನ ಜವುಗು ಹುಲ್ಲುಗಾವಲಿನಲ್ಲಿ ನೇಯ್ದ ಬಟ್ಟೆಯನ್ನು ಚೌಕಟ್ಟುಗಳಿಗೆ ಬಿಗಿದು ಒಣಗಿಸುತ್ತಿದ್ದರು. 19ನೆಯ ಶತಮಾನದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಈ ಊರನ್ನು ಇಂಗ್ಲೆಂಡಿನ ಅತಿ ಸುಂದರ ಹಳ್ಳಿ ಎಂದು ಕರೆದರು. ಸಾಲು ನಿಜಕ್ಕೂ ಸುಂದರವಾಗಿದೆ. ಆದರೆ ನೋಡುವುದೆಲ್ಲವೂ ಆ ಸಾಲು ಮತ್ತು ನದಿಯ ದಂಡೆಯಲ್ಲಿಯೇ ಮುಗಿಯುವುದರಿಂದ ಒಂದು ಗಂಟೆ ಧಾರಾಳವಾಗಿ ಸಾಕು. ರೈಲು ನಿಲ್ದಾಣ ಇಲ್ಲ, ಬಸ್ಸುಗಳು ವಿರಳ, ಬೇಸಿಗೆಯ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಕಾರು ಇದ್ದು, ಬೆಳಿಗ್ಗೆ ಒಂಬತ್ತರೊಳಗೆ ತಲುಪಬಲ್ಲವರಿಗೆ ಮಾತ್ರ ಬೈಬರಿಯನ್ನು ಸೂಚಿಸುತ್ತೇನೆ. ಆ ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ ಎಂಬುದನ್ನು ಮರೆಯಬಾರದು. ಕಿಟಕಿಯೊಳಗೆ ಇಣುಕುವುದು, ಹೊಸ್ತಿಲ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುವುದು ಅವರಿಗೆ ನಿತ್ಯದ ಕಿರುಕುಳವಾಗಿದೆ.

ರೈಲಿನಲ್ಲಿ ಹೋಗುವವರಿಗೆ ಸರಿಯಾದ ಹೆಬ್ಬಾಗಿಲು ಮೋರ್ಟನ್-ಇನ್-ಮಾರ್ಶ್. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಅಲ್ಲಿಂದ 801 ಸಂಖ್ಯೆಯ ಬಸ್ಸು ಸ್ಟೋ-ಆನ್-ದ-ವೋಲ್ಡ್ ಮೂಲಕ ಬೋರ್ಟನ್-ಆನ್-ದ-ವಾಟರ್‌ಗೆ ಹೋಗುತ್ತದೆ. ಬೋರ್ಟನ್ನಿನಲ್ಲಿ ವಿಂಡ್‌ರಶ್ ನದಿ ಊರ ನಡುವಿನ ಹಸಿರು ಬಯಲಿನ ಅಂಚಿಗೆ ತೆಳುವಾಗಿ ಹರಿಯುತ್ತದೆ, ಅದರ ಮೇಲೆ ತಗ್ಗಾದ ಕಲ್ಲಿನ ಸೇತುವೆಗಳಿವೆ, ನೆಲ ಸಮತಟ್ಟಾಗಿದೆ. ಊರಿನದೇ ಒಂಬತ್ತನೆಯ ಒಂದರಷ್ಟು ಅಳತೆಯ ಪ್ರತಿರೂಪವನ್ನು ಅದೇ ಕಲ್ಲಿನಲ್ಲಿ ಕಟ್ಟಿದ ಮಾದರಿ ಹಳ್ಳಿ 1937ರಲ್ಲಿ ತೆರೆದಿದ್ದು, ಚಿಕ್ಕ ಮಕ್ಕಳು ಅಲ್ಲಿಂದ ಬೇಗ ಹೊರಡಲು ಒಪ್ಪುವುದಿಲ್ಲ. ಮಕ್ಕಳು ಮತ್ತು ಮೊಣಕಾಲು ನೋವಿನ ಹಿರಿಯರು ಜೊತೆಯಲ್ಲಿದ್ದರೆ ಇಡೀ ಪ್ರದೇಶದಲ್ಲಿ ಇದಕ್ಕಿಂತ ಅನುಕೂಲವಾದ ಊರಿಲ್ಲ. ಶೌಚಾಲಯ, ತಿಂಡಿ ಅಂಗಡಿ, ಕೂರಲು ಹುಲ್ಲು ಎಲ್ಲವೂ ಹತ್ತಿರದಲ್ಲೇ ಸಿಗುತ್ತವೆ. ಅದೇ ಕಾರಣಕ್ಕೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ ಶಾಲಾ ರಜೆಯಲ್ಲಿ ಜಾತ್ರೆಯಂತಿರುತ್ತದೆ.

ನಡೆಯಬಲ್ಲವರು ಬೋರ್ಟನ್ನಿನಲ್ಲಿ ಮೊದಲು ಇಳಿಯಬಾರದು. ಬಸ್ಸಿನಿಂದ ಸ್ಟೋದಲ್ಲಿಯೇ ಇಳಿದು, ಅಲ್ಲಿಂದ ಸ್ಲಾಟರ್ ಹಳ್ಳಿಗಳ ಮೂಲಕ ಬೋರ್ಟನ್ನಿಗೆ ಕಾಲುದಾರಿಯಲ್ಲಿ ಇಳಿದು ಬರಬೇಕು. ಸ್ಟೋ ಸುಮಾರು 240 ಮೀಟರ್ ಎತ್ತರದ ದಿಬ್ಬದ ಮೇಲಿರುವುದರಿಂದ ಒಟ್ಟಾರೆ ದಾರಿ ಇಳಿಮುಖವಾಗಿರುತ್ತದೆ. ಸುತ್ತುಬಳಸುಗಳೂ ಸೇರಿ 8ರಿಂದ 10 ಕಿಲೋಮೀಟರ್ ಆಗುತ್ತದೆ, ನಿಧಾನವಾಗಿ ನಡೆದರೂ ಮೂರೂವರೆ ಗಂಟೆ ಸಾಕು. ಸ್ಟೋದ ಚರ್ಚಿನ ಉತ್ತರ ಬಾಗಿಲಿನ ಎರಡು ಕಡೆಗೂ ಹಳೆಯ ಯೂ ಮರಗಳು ಗೋಡೆಗೇ ಅಂಟಿದಂತೆ ಬೆಳೆದಿದ್ದು, ಬಾಗಿಲು ಮರದ ಬೊಡ್ಡೆಗಳ ನಡುವೆ ಹುಟ್ಟಿದಂತೆ ಕಾಣುತ್ತದೆ. ಅಪ್ಪರ್ ಸ್ಲಾಟರ್ ಎರಡು ಮಹಾಯುದ್ಧಗಳಿಗೂ ತನ್ನವರನ್ನು ಕಳುಹಿಸಿ, ಎರಡರಲ್ಲಿಯೂ ಒಬ್ಬರನ್ನೂ ಕಳೆದುಕೊಳ್ಳದ ಕೆಲವೇ ಊರುಗಳಲ್ಲೊಂದು. ಇಂಗ್ಲೆಂಡಿನ ಹೆಚ್ಚುಕಡಿಮೆ ಪ್ರತಿಯೊಂದು ಹಳ್ಳಿಯ ನಡುವೆಯೂ ಮಡಿದವರ ಹೆಸರು ಕೆತ್ತಿದ ಸ್ಮಾರಕವಿರುವಾಗ, ಇಲ್ಲಿ ಅಂಥದೊಂದು ಇಲ್ಲದಿರುವುದೇ ಮನಸ್ಸನ್ನು ತಟ್ಟುತ್ತದೆ. ಅಲ್ಲಿಂದ ಐ ನದಿಯ ಪಕ್ಕದ ಹುಲ್ಲುಗಾವಲುಗಳಲ್ಲಿ ಒಂದೂವರೆ ಕಿಲೋಮೀಟರ್ ನಡೆದರೆ ಲೋವರ್ ಸ್ಲಾಟರ್. ಅಲ್ಲಿ ನೀರಿನ ಹಳೆಯ ಗಿರಣಿಯೂ ಅದರ ಚಕ್ರವೂ ಉಳಿದಿವೆ. ನನ್ನ ಮಟ್ಟಿಗೆ ಈ ಒಂದೂವರೆ ಕಿಲೋಮೀಟರ್ ದಾರಿ ಇಡೀ ದಿನದ ತಿರುಳು.

ಈ ಕಾಲುದಾರಿಗಳ ಬಗ್ಗೆ ಭಾರತದಿಂದ ಬಂದವರಿಗೆ ಸಹಜವಾಗಿ ಒಂದು ಅಳುಕಿರುತ್ತದೆ, ಏಕೆಂದರೆ ಅವು ಖಾಸಗಿ ಹೊಲಗಳ ನಡುವೆಯೇ ಹಾದುಹೋಗುತ್ತವೆ. ಅಳುಕಬೇಕಾಗಿಲ್ಲ. ಸಾರ್ವಜನಿಕ ಕಾಲುದಾರಿಯಲ್ಲಿ ನಡೆಯುವುದು ಕಾನೂನು ಕೊಟ್ಟಿರುವ ಹಕ್ಕು, ಮತ್ತು ಕಂಬಗಳ ಮೇಲಿನ ಹಳದಿ ಬಾಣದ ಗುರುತು ದಾರಿಯನ್ನು ತೋರಿಸುತ್ತದೆ. ನಾವು ತೆರೆದ ಗೇಟನ್ನು ನಾವೇ ಮುಚ್ಚಿಕೊಂಡು ಹೋಗಬೇಕು, ದಾರಿ ಬಿಟ್ಟು ಬೆಳೆಯೊಳಗೆ ಇಳಿಯಬಾರದು, ವಸಂತದಲ್ಲಿ ಮರಿಗಳಿರುವ ಕುರಿಗಳ ಹತ್ತಿರ ಹೋಗಬಾರದು. ಕೆಲವು ಕಡೆ ಒಬ್ಬರು ಮಾತ್ರ ಒಳಹೊಕ್ಕು, ಗೇಟನ್ನು ತಮ್ಮ ಬೆನ್ನ ಹಿಂದಕ್ಕೆ ತಿರುಗಿಸಿಕೊಂಡು ಹೊರಬರುವಂಥ ಅರ್ಧಚಂದ್ರಾಕಾರದ ಗೇಟುಗಳಿವೆ. ದೊಡ್ಡ ಬ್ಯಾಗು ಅಥವಾ ಮಗುವಿನ ತಳ್ಳುಗಾಡಿ ಇದ್ದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಓಎಲ್45 ಸಂಖ್ಯೆಯ ನಕ್ಷೆಯಲ್ಲಿ ಈ ದಾರಿಗಳೆಲ್ಲ ಹಸಿರು ತುಂಡುಗೆರೆಗಳಲ್ಲಿ ಗುರುತಾಗಿವೆ.

ಜನಸಂದಣಿ ಬೇಡ, ಕಟ್ಟಡಗಳೇ ಮುಖ್ಯ ಎನ್ನುವವರು ಬೋರ್ಟನ್ನಿನ ಬದಲು ಚಿಪ್ಪಿಂಗ್ ಕ್ಯಾಂಪ್ಡೆನ್ ಆರಿಸಬೇಕು. ಅದು ಹಳ್ಳಿಗಿಂತ ತುಸು ದೊಡ್ಡದು. ಬಿಲ್ಲಿನಂತೆ ಬಾಗಿದ ಅದರ ಹೆಬ್ಬೀದಿಯಲ್ಲಿ ಶತಮಾನಕ್ಕೊಂದು ಶೈಲಿಯ ಮನೆಗಳು ಒಂದಕ್ಕೊಂದು ಭುಜಕೊಟ್ಟು ನಿಂತಿವೆ. 1401ರಲ್ಲಿ ತೀರಿಕೊಂಡ ಉಣ್ಣೆ ವರ್ತಕ ವಿಲಿಯಂ ಗ್ರೆವೆಲ್ ಅವರ ಮನೆ ಬೀದಿಯಲ್ಲಿದೆ, ಅವರ ಸಮಾಧಿಯ ಹಿತ್ತಾಳೆಯ ಫಲಕ ಚರ್ಚಿನೊಳಗಿದೆ. ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲಿ ಕುಸುಮಪ್ರಾಯರಾದವರು ಎಂದು ಅವರನ್ನು ಅದರಲ್ಲಿ ಬಣ್ಣಿಸಲಾಗಿದೆ. ಬೀದಿಯ ನಡುವೆ 1627ರಲ್ಲಿ ಕಟ್ಟಿದ ಕಮಾನುಗಳ ಸಂತೆಮಂಟಪವಿದೆ. ಅದರ ನೆಲದ ಕಲ್ಲುಗಳು ಸವೆದು ಅಲೆಯಂತೆ ಏರಿಳಿದಿರುವುದನ್ನು ಪಾದಗಳೇ ಹೇಳುತ್ತವೆ. ಬಾತ್‌ವರೆಗಿನ 164 ಕಿಲೋಮೀಟರ್ ಉದ್ದದ ಕಾಟ್ಸ್‌ವೊಲ್ಡ್ ವೇ ನಡಿಗೆದಾರಿ ಆರಂಭವಾಗುವುದು ಇಲ್ಲಿಂದಲೇ. ಅದರ ಮೊದಲ 10 ಕಿಲೋಮೀಟರ್ ನಡೆದರೆ 312 ಮೀಟರ್ ಎತ್ತರದ ಗುಡ್ಡದ ಮೇಲಿನ ಬ್ರಾಡ್‌ವೇ ಗೋಪುರವನ್ನು ಹಾದು ಬ್ರಾಡ್‌ವೇ ಊರಿಗೆ ಇಳಿಯಬಹುದು. ಗಟ್ಟಿಮುಟ್ಟಾದ ಇಬ್ಬರು ಮೂವರು ಸ್ನೇಹಿತರು ಸೇರಿ ಹೋಗುವುದಾದರೆ ನಾನು ಸ್ಟೋ ದಾರಿಗಿಂತ ಇದನ್ನೇ ಮುಂದಿಡುತ್ತೇನೆ. ಏರು ಹೆಚ್ಚಿದೆ, ಆದರೆ ಸ್ಪಷ್ಟ ದಿನದಲ್ಲಿ ಗುಡ್ಡದ ಮೇಲಿನ ನೋಟಕ್ಕೆ ಎಣೆಯಿಲ್ಲ.

ಇದೇ ಪ್ರದೇಶದ ಬರ್ಫರ್ಡ್ ಎಂಬ ಊರಿನ ವಿಷಯ ಹೆಚ್ಚು ಹೇಳುವುದಿಲ್ಲ. ನದಿಯವರೆಗೆ ಇಳಿಯುವ ಅದರ ಬೀದಿ ಚೆನ್ನಾಗಿದೆ, ಕಾರಿನಲ್ಲಿ ಬರುವವರಿಗೆ ದಾರಿಯಲ್ಲಿ ಸಿಗುತ್ತದೆ. ಅದಕ್ಕಾಗಿಯೇ ಒಂದು ದಿನ ಮೀಸಲಿಡಬೇಕಾಗಿಲ್ಲ.

ವಿಲ್ಟ್‌ಶೈರ್: ಲೇಕಾಕ್ ಮತ್ತು ಕ್ಯಾಸಲ್ ಕೂಂಬ್

ಪ್ಯಾಡಿಂಗ್ಟನ್ನಿನಿಂದಲೇ ಇನ್ನೊಂದು ಮಾರ್ಗದಲ್ಲಿ ಹೊರಟರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಚಿಪ್ಪನ್‌ಹ್ಯಾಮ್ ತಲುಪಬಹುದು. ಅಲ್ಲಿಂದ ಐದಾರು ಕಿಲೋಮೀಟರ್ ದೂರದಲ್ಲಿ ಲೇಕಾಕ್ ಇದೆ, ಬಸ್ಸಿನ ಸೌಕರ್ಯವೂ ಇದೆ. ಈ ಊರು ಉಳಿದ ಕಾರಣ ಬೇರೆಯೇ. ತಲೆಮಾರುಗಳ ಕಾಲ ಊರು ಬಹುಪಾಲು ಒಂದೇ ಮನೆತನದ ಕೈಯಲ್ಲಿತ್ತು. 1944ರಲ್ಲಿ ಆ ಮನೆತನದ ಮಟಿಲ್ಡಾ ಟಾಲ್ಬಟ್ ಅವರು ಇಲ್ಲಿನ ಹಳೆಯ ಮಠದ ಕಟ್ಟಡವನ್ನೂ ಹಳ್ಳಿಯನ್ನೂ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನವಾಗಿ ಕೊಟ್ಟರು. ಮನೆಗಳಲ್ಲಿ ಟ್ರಸ್ಟಿನ ಬಾಡಿಗೆದಾರರಿದ್ದಾರೆ. ಬೀದಿಯಲ್ಲಿ ತಲೆಯ ಮೇಲೆ ತಂತಿಗಳಿಲ್ಲ, ಟಿವಿ ಆಂಟೆನಾಗಳಿಲ್ಲ. ಹಳೆಯ ಕಾಲದ ಕಥೆಗಳನ್ನು ಚಿತ್ರೀಕರಿಸುವವರು ಮತ್ತೆ ಮತ್ತೆ ಇಲ್ಲಿಗೇ ಬರುವುದು ಇದರಿಂದಾಗಿ. ಕಾಟ್ಸ್‌ವೊಲ್ಡ್ಸಿನ ಒಂದೇ ಬಣ್ಣದ ಕಲ್ಲಿಗೆ ಹೋಲಿಸಿದರೆ ಇಲ್ಲಿ ಕಲ್ಲು, ಇಟ್ಟಿಗೆ, ಮರದ ಚೌಕಟ್ಟು ಎಲ್ಲವೂ ಅಕ್ಕಪಕ್ಕದಲ್ಲಿವೆ.

ಲೇಕಾಕನ್ನು ನಾನು ವಿಶೇಷವಾಗಿ ಎತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 1232ರಲ್ಲಿ ಸಾಲ್ಸ್‌ಬರಿಯ ಕೌಂಟೆಸ್ ಎಲಾ ಸ್ಥಾಪಿಸಿದ ಸನ್ಯಾಸಿನಿಯರ ಮಠ ಮುಂದೆ ವಾಸದ ಮನೆಯಾಯಿತು. ಅದೇ ಮನೆಯಲ್ಲಿದ್ದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ಒಂದು ಕಿಟಕಿಯ ಚಿತ್ರವನ್ನು ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಹಿಡಿದರು. ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರ ನೆಗೆಟಿವ್ ಅದೇ. ಸಣ್ಣ ಸಣ್ಣ ಗಾಜುಗಳನ್ನು ಸೀಸದ ಪಟ್ಟಿಯಿಂದ ಜೋಡಿಸಿದ ಆ ಚಾಚುಕಿಟಕಿಯ ಮುಂದೆ ಇಂದು ಯಾರು ಬೇಕಾದರೂ ನಿಲ್ಲಬಹುದು. ಹೊರಗೆ ಬೆಳಕು, ಒಳಗೆ ಮಬ್ಬು, ನಡುವೆ ಜಾಲರಿಯಂಥ ಗಾಜು: ಟಾಲ್ಬಟ್ ಅವರು ಇದನ್ನೇ ಏಕೆ ಆರಿಸಿಕೊಂಡರು ಎಂಬುದು ಅಲ್ಲಿ ನಿಂತರೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಮೊಬೈಲಿನಲ್ಲಿ ನೂರಾರು ಚಿತ್ರ ತೆಗೆಯುವ ಪ್ರತಿಯೊಬ್ಬರೂ ಒಮ್ಮೆ ನೋಡಬೇಕಾದ ಜಾಗವಿದು. ಮಠದ ಮೊಗಸಾಲೆ, ಹಳ್ಳಿಯ 14ನೆಯ ಶತಮಾನದ ಕಣಜ, ನೀರು ರಸ್ತೆಯ ಮೇಲೆಯೇ ಹರಿಯುವ ಕಡವು, ಇವೆಲ್ಲ ಸಮತಟ್ಟಾದ ನೆಲದಲ್ಲಿ ಹತ್ತಿರ ಹತ್ತಿರ ಇರುವುದರಿಂದ ವಯಸ್ಸಾದವರಿಗೂ ಕಷ್ಟವಿಲ್ಲ. ಮಳೆ ಬಂದರೆ ಒಳಗೆ ಕಳೆಯಲು ಎರಡು ಗಂಟೆಯ ಸಾಮಗ್ರಿಯಿದೆ. ಬೇರಾವ ಹಳ್ಳಿಯೂ ಈ ಭರವಸೆಯನ್ನು ಇಷ್ಟು ಚೆನ್ನಾಗಿ ಕೊಡುವುದಿಲ್ಲ.

ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ಕ್ಯಾಸಲ್ ಕೂಂಬ್ ಕಣಿವೆಯ ತಳದಲ್ಲಿರುವ ಒಂದೇ ಬೀದಿಯ ಊರು. ಸಂತೆಕಟ್ಟೆಯ ಕಲ್ಲಿನ ಮಂಟಪದಿಂದ ಹೊಳೆಯ ಸೇತುವೆಯವರೆಗೆ ಎರಡು ಬದಿಗೂ ನೇಕಾರರ ಮನೆಗಳು, ಅದರಾಚೆ ಕಾಡು. ಒಂದೇ ನೋಟಕ್ಕೆ ಇಡೀ ಊರು ಕಣ್ಣಿಗೆ ಬೀಳುವ ಈ ಚೆಲುವು ಬೈಬರಿಗಿಂತ ಒಂದು ಕೈ ಮೇಲು ಎಂದೇ ನನಗೆ ಅನ್ನಿಸುತ್ತದೆ. ಆದರೆ ವಾಹನ ನಿಲ್ಲಿಸುವ ಜಾಗ ಗುಡ್ಡದ ಮೇಲಿರುವುದರಿಂದ ಇಳಿಯುವಾಗ ಸುಲಭವೆನಿಸಿದ್ದು ಹತ್ತುವಾಗ ಹಿರಿಯರಿಗೆ ಭಾರವಾಗುತ್ತದೆ. ಬಸ್ಸುಗಳನ್ನು ನಂಬಿ ಹೋಗುವಂತಿಲ್ಲ. ಕಾರು ಇದ್ದವರು ಬೆಳಿಗ್ಗೆ ಕ್ಯಾಸಲ್ ಕೂಂಬ್, ಆಮೇಲೆ ಲೇಕಾಕ್ ಎಂಬ ಕ್ರಮ ಇಟ್ಟುಕೊಳ್ಳಲಿ. ಕಾರಿಲ್ಲದವರು ಲೇಕಾಕ್ ಒಂದಕ್ಕೇ ತೃಪ್ತರಾಗಲಿ, ಅಥವಾ ಚಿಪ್ಪನ್‌ಹ್ಯಾಮಿನಿಂದ ಟ್ಯಾಕ್ಸಿಯನ್ನು ಹೋಗುವಾಗಲೂ ಬರುವಾಗಲೂ ಮುಂಚಿತವಾಗಿ ಗೊತ್ತುಮಾಡಿಕೊಳ್ಳಲಿ.

ಸಫೋಕ್: ಲ್ಯಾವನಮ್

ಪಶ್ಚಿಮದ ಕಲ್ಲಿನ ಊರುಗಳನ್ನು ಒಮ್ಮೆ ನೋಡಿದವರು ಎರಡನೆಯ ಸಲ ಪೂರ್ವಕ್ಕೆ ಹೋಗಬೇಕು. ಸಫೋಕಿನಲ್ಲಿ ಒಳ್ಳೆಯ ಕಟ್ಟಡದ ಕಲ್ಲಿಲ್ಲ, ಆದ್ದರಿಂದ ಲ್ಯಾವನಮ್ಮಿನ ಮನೆಗಳು ಓಕ್ ಮರದ ಚೌಕಟ್ಟಿನವು. ಅಂದಿನ ಬಡಗಿಗಳು ಹಸಿ ಮರವನ್ನೇ ಬಳಸಿದರು. ಮರ ಒಣಗುತ್ತಾ ಹೋದಂತೆ ತಿರುಚಿಕೊಂಡು, ಗೋಡೆಗಳು ವಾಲಿ, ಮೇಲಂತಸ್ತುಗಳು ಬೀದಿಯ ಮೇಲೆ ಬಾಗಿ, ಐದುನೂರು ವರ್ಷಗಳಿಂದ ಹಾಗೆಯೇ ನಿಂತಿವೆ. ಚೌಕಟ್ಟಿನ ನಡುವಣ ಜಾಗವನ್ನು ಕಡ್ಡಿಗಳನ್ನು ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ ತುಂಬಿದ್ದಾರೆ. ನಮ್ಮ ಕಡೆಯ ಹಳೆಯ ತಡಿಕೆಯ ಗೋಡೆಗಳನ್ನು ಕಂಡವರಿಗೆ ಆ ಕೆಲಸ ಅಪರಿಚಿತವೆನಿಸುವುದಿಲ್ಲ.

ಇಲ್ಲಿನ ನೀಲಿ ಬಣ್ಣದ ಉಣ್ಣೆಬಟ್ಟೆ ಯುರೋಪಿನಾದ್ಯಂತ ಹೆಸರಾಗಿತ್ತು. 1524ರ ತೆರಿಗೆಯ ಲೆಕ್ಕದಲ್ಲಿ ಈ ಪುಟ್ಟ ಊರು ಇಂಗ್ಲೆಂಡಿನ ಹದಿನಾಲ್ಕನೆಯ ಶ್ರೀಮಂತ ಪಟ್ಟಣವಾಗಿತ್ತು. ಸುಮಾರು 43 ಮೀಟರ್ ಎತ್ತರದ ಚರ್ಚಿನ ಗೋಪುರವನ್ನು ಎತ್ತಿಸಿದ್ದು ಆ ಹಣವೇ. ವರ್ತಕರು ತಮ್ಮ ಗುರುತಿನ ಚಿಹ್ನೆಗಳನ್ನು ಗೋಪುರದ ಕಲ್ಲಿನಲ್ಲಿಯೇ ಕೆತ್ತಿಸಿದ್ದಾರೆ. ಅಷ್ಟರಲ್ಲಿಯೇ, ಹತ್ತಿರದ ಕಾಲ್ಚೆಸ್ಟರಿನಲ್ಲಿ ನೆಲೆನಿಂತ ಡಚ್ ನೇಕಾರರ ಹಗುರವಾದ, ಅಗ್ಗದ ಬಟ್ಟೆ ಮಾರುಕಟ್ಟೆಯನ್ನು ಗೆದ್ದುಕೊಂಡಿತು. ಒಂದು ಶತಮಾನದೊಳಗೆ ಊರಿನ ಸಂಪತ್ತು ಕರಗಿಹೋಯಿತು, ಮನೆಗಳು ಮಾತ್ರ ಉಳಿದವು. ಸಂತೆಯ ಚೌಕದಲ್ಲಿರುವ, 1530ರ ಆಸುಪಾಸಿನ ಗಿಲ್ಡ್‌ಹಾಲ್ ಎಂಬ ಸಂಘದ ಸಭಾಭವನ ಈಗ ನ್ಯಾಷನಲ್ ಟ್ರಸ್ಟಿನ ವಸ್ತುಸಂಗ್ರಹಾಲಯವಾಗಿದ್ದು, ಈ ಏಳುಬೀಳಿನ ಕಥೆಯನ್ನು ತಿಳಿಸಿಕೊಡುತ್ತದೆ. ಮುನ್ನೂರಕ್ಕೂ ಹೆಚ್ಚು ಸಂರಕ್ಷಿತ ಕಟ್ಟಡಗಳಿರುವ ಊರಿದು, ಆದರೂ ಬೋರ್ಟನ್ನಿನ ನೂಕುನುಗ್ಗಲು ಇಲ್ಲಿಲ್ಲ.

ಕೊರತೆಯಿರುವುದು ಪ್ರಯಾಣದಲ್ಲಿ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಹೊರಟು, ಮಾರ್ಕ್ಸ್ ಟೇಯಲ್ಲಿ ರೈಲು ಬದಲಿಸಿ ಸಡ್ಬರಿಗೆ ಬಂದು, ಅಲ್ಲಿಂದ 11 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು. ಭಾನುವಾರ ಈ ಯೋಜನೆ ಹಾಕಿಕೊಳ್ಳದಿರುವುದು ಒಳ್ಳೆಯದು. ಸುತ್ತಲ ನೆಲ ಮೆಲ್ಲಗೆ ಏರಿಳಿಯುವ ಹೊಲಗಳದು, ಕಾಟ್ಸ್‌ವೊಲ್ಡ್ಸಿನಂಥ ಗುಡ್ಡಕಣಿವೆಗಳ ನೋಟ ಬಯಸುವವರಿಗೆ ಸಪ್ಪೆಯೆನಿಸಬಹುದು. ಮನೆ, ಮರಗೆಲಸ, ಇತಿಹಾಸ ಇವುಗಳಲ್ಲಿ ಆಸಕ್ತಿಯಿರುವವರಿಗೆ ಮಾತ್ರ ಇದು ಎಲ್ಲಕ್ಕಿಂತ ಮಿಗಿಲಾದ ಊರು. ಕಾರು ಇದ್ದರೆ ಹತ್ತಿರದ ಕರ್ಸಿಯನ್ನೂ ಸೇರಿಸಿಕೊಳ್ಳಬಹುದು, ಅಲ್ಲಿ ಮುಖ್ಯ ಬೀದಿಗೆ ಅಡ್ಡಲಾಗಿ ತೊರೆಯೊಂದು ಹರಿಯುತ್ತದೆ.

ಉತ್ತರದಲ್ಲಿರುವವರಿಗೆ: ಈಮ್

ಮ್ಯಾಂಚೆಸ್ಟರ್ ಅಥವಾ ಶೆಫೀಲ್ಡಿನಲ್ಲಿ ಇರುವವರು ಕಾಟ್ಸ್‌ವೊಲ್ಡ್ಸಿಗಾಗಿ ದಕ್ಷಿಣಕ್ಕೆ ಓಡಿಬರುವ ಅಗತ್ಯವಿಲ್ಲ. ಅವೆರಡರ ನಡುವೆಯೇ, 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪೀಕ್ ಡಿಸ್ಟ್ರಿಕ್ಟ್ ಇದೆ. ಅಲ್ಲಿನ ಈಮ್ ಎಂಬ ಹಳ್ಳಿಯ ಕಲ್ಲು ಬೂದುಬಣ್ಣದ್ದು, ಚೆಲುವಿನ ಸ್ಪರ್ಧೆಯಲ್ಲಿ ಅದು ಬೈಬರಿಯನ್ನು ಗೆಲ್ಲಲಾರದು. ಆದರೆ 1665ರಲ್ಲಿ ಲಂಡನ್ನಿನಿಂದ ದರ್ಜಿಗೆಂದು ಬಂದ ಬಟ್ಟೆಯ ಗಂಟಿನೊಂದಿಗೆ ಪ್ಲೇಗ್ ಊರನ್ನು ಹೊಕ್ಕಿತೆಂದು ಹೇಳುತ್ತಾರೆ. ಮರುವರ್ಷ ಬೇಸಿಗೆಯಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಅವರ ಮಾತಿನಂತೆ ಊರವರು, ರೋಗ ಸುತ್ತಲಿನ ಊರುಗಳಿಗೆ ಹರಡದಿರಲೆಂದು ತಮಗೆ ತಾವೇ ಗಡಿ ಹಾಕಿಕೊಂಡರು. ಹೊರಗಿನವರು ಗಡಿಯಲ್ಲಿ ಇಟ್ಟುಹೋದ ಆಹಾರಕ್ಕೆ ಪ್ರತಿಯಾಗಿ ವಿನಿಗರ್ ತುಂಬಿದ ಕಲ್ಲಿನ ಕುಳಿಗಳಲ್ಲಿ ನಾಣ್ಯಗಳನ್ನು ಇಡುತ್ತಿದ್ದರು. ಸತ್ತವರು 260 ಮಂದಿ ಎಂಬುದು ರೂಢಿಯ ಲೆಕ್ಕ. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡು ತಾನೇ ಹೂಳಿದ ಸಮಾಧಿಗಳು ಊರಾಚೆಯ ಹೊಲದಲ್ಲಿ ಇಂದಿಗೂ ಇವೆ. ಕೋವಿಡ್ ಕಾಲವನ್ನು ಕಂಡ ನಮಗೆ ಆ ನಾಣ್ಯದ ಕುಳಿಗಳಿರುವ ಗಡಿಕಲ್ಲಿನ ಮುಂದೆ ಸುಮ್ಮನೆ ಹಾದುಹೋಗಲು ಸಾಧ್ಯವಾಗುವುದಿಲ್ಲ. ಎರಡು ನಗರಗಳನ್ನು ಜೋಡಿಸುವ ರೈಲುಮಾರ್ಗದ ಗ್ರೈಂಡಲ್‌ಫರ್ಡ್ ನಿಲ್ದಾಣದಿಂದ ಏರುದಾರಿಯಲ್ಲಿ ನಡೆದೂ ಹೋಗಬಹುದು, ಶೆಫೀಲ್ಡಿನಿಂದ ಬಸ್ಸೂ ಇದೆ.

ಅರ್ಧ ದಿನ ಮಾತ್ರ ಇದ್ದರೆ

ಲಂಡನ್ನಿಗೆ ಹತ್ತಿರದಲ್ಲಿ ಸರ್ರಿಯ ಶಿಯರ್ ಇದೆ. ಗಿಲ್ಡ್‌ಫರ್ಡಿನವರೆಗೆ ಹೋಗಿ, ಅಲ್ಲಿಂದ ಗಾಮ್‌ಶಲ್ ನಿಲ್ದಾಣಕ್ಕೆ ಬಂದು, ಇಪ್ಪತ್ತು ನಿಮಿಷ ನಡೆದರೆ ಸಾಕು. ಸಣ್ಣ ಹೊಳೆ, ಸಣ್ಣ ಚೌಕ, ಹಳೆಯ ಚರ್ಚು ಇವೆ. 1329ರಲ್ಲಿ ಕ್ರಿಸ್ಟೀನ್ ಕಾರ್ಪೆಂಟರ್ ಎಂಬ ಹೆಣ್ಣುಮಗಳು ಜೀವನವಿಡೀ ಪ್ರಾರ್ಥನೆಯಲ್ಲಿ ಕಳೆಯಲು ಈ ಚರ್ಚಿನ ಗೋಡೆಗೆ ಹೊಂದಿದ ಕೋಣೆಯೊಳಗೆ ತನ್ನನ್ನು ಮುಚ್ಚಿಸಿಕೊಂಡಳು. ಅವಳು ಬಲಿಪೀಠವನ್ನು ನೋಡುತ್ತಿದ್ದ ಕಿಂಡಿ ಗೋಡೆಯಲ್ಲಿ ಉಳಿದಿದೆ. ಸಮುದ್ರವೂ ಬೇಕೆನ್ನುವವರು ಪೂರ್ವ ಸಸೆಕ್ಸಿನ ಆಲ್‌ಫ್ರಿಸ್ಟನ್ನಿಗೆ ಹೋಗಲಿ. ನ್ಯಾಷನಲ್ ಟ್ರಸ್ಟ್ 1896ರಲ್ಲಿ ಹತ್ತು ಪೌಂಡಿಗೆ ಕೊಂಡ ತನ್ನ ಮೊತ್ತಮೊದಲ ಕಟ್ಟಡ, ಹುಲ್ಲುಛಾವಣಿಯ ಪಾದ್ರಿಮನೆ, ಅಲ್ಲಿದೆ. ಸೆವೆನ್ ಸಿಸ್ಟರ್ಸ್ ಎಂಬ ಬಿಳಿಯ ಕಡಲಬಂಡೆಗಳೂ ದೂರವಿಲ್ಲ.

ಪ್ರವಾಸಿ ಬಸ್ಸೋ, ರೈಲೋ, ಕಾರೋ?

ಲಂಡನ್ನಿನಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವ ಪ್ರವಾಸಿ ಬಸ್ಸುಗಳು ಮೂರು ನಾಲ್ಕು ಹಳ್ಳಿಗಳನ್ನು ತೋರಿಸುವುದಾಗಿ ಹೇಳುತ್ತವೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಊರಿಂದೂರಿಗೆ ಓಡಾಟ, ಊಟದ ಸಮಯ ಇವನ್ನೆಲ್ಲ ಕಳೆದರೆ ಒಂದೊಂದು ಊರಿಗೆ ಒಂದು ಗಂಟೆ ಸಿಗುವುದೂ ಕಷ್ಟ. ಅದರಲ್ಲಿಯೇ ಶೌಚಾಲಯದ ಸಾಲು, ಚಹಾದ ಸಾಲು ಸೇರುತ್ತವೆ. ಆದರೂ ಈ ಬಸ್ಸುಗಳನ್ನು ನಾನು ತಳ್ಳಿಹಾಕುವುದಿಲ್ಲ. ಒಂಟಿಯಾಗಿ ಬಂದವರು, ಬಸ್ಸು ರೈಲು ಬದಲಿಸುವ ಗೊಂದಲ ಬೇಡವೆನ್ನುವ ಹಿರಿಯ ದಂಪತಿಗಳು ಇದನ್ನೇ ಆರಿಸುವುದು ಸರಿ. ಆರಿಸುವಾಗ ಊರುಗಳ ಸಂಖ್ಯೆ ಕಡಿಮೆಯಿರುವ, ಹದಿನಾರು ಇಪ್ಪತ್ತು ಜನರ ಸಣ್ಣ ವಾಹನದ ಪ್ರವಾಸವನ್ನು ಹುಡುಕಬೇಕು. ಒಂದೇ ದಿನದಲ್ಲಿ ಸ್ಟೋನ್‌ಹೆಂಜ್, ಬಾತ್ ಮತ್ತು ಒಂದು ಹಳ್ಳಿ ಎಂದು ಸೇರಿಸಿ ಮಾರುವ ಪ್ರವಾಸದಲ್ಲಿ ಹಳ್ಳಿ ಎಂಬುದು ಹೆಸರಿಗೆ ಮಾತ್ರ ಇರುತ್ತದೆ.

ರೈಲಿನ ಟಿಕೆಟ್ಟು ಮುಂಚೆ ಕೊಂಡಷ್ಟೂ ಅಗ್ಗ. ಮೂರರಿಂದ ಒಂಬತ್ತು ಜನ ಒಟ್ಟಿಗೆ ದಟ್ಟಣೆಯಿಲ್ಲದ ಹೊತ್ತಿನಲ್ಲಿ ಹೋಗುವುದಾದರೆ ಪಶ್ಚಿಮದ ಮಾರ್ಗಗಳಲ್ಲಿ ಗ್ರೂಪ್‌ಸೇವ್ ಎಂಬ ಮೂರನೆಯ ಒಂದರಷ್ಟು ರಿಯಾಯಿತಿ ಇದೆ. ಹಳ್ಳಿಯ ಬಸ್ಸಿನ ವಿಷಯದಲ್ಲಿ ನೆನಪಿಡಬೇಕಾದದ್ದು ಕೊನೆಯ ಬಸ್ಸಿನ ಹೊತ್ತು. ಅದು ಸಂಜೆ ಬೇಗನೆ ಹೊರಟುಹೋಗುತ್ತದೆ, ಭಾನುವಾರ ಸೇವೆ ತೀರ ಕಡಿಮೆ. ಆದ್ದರಿಂದ ಕೊನೆಯ ಬಸ್ಸಿಗಲ್ಲ, ಅದರ ಹಿಂದಿನ ಬಸ್ಸಿಗೆ ದಿನದ ಯೋಜನೆಯನ್ನು ಹೊಂದಿಸಬೇಕು.

ಕಾರಿನ ವಿಷಯದಲ್ಲಿ ಭಾರತೀಯರಿಗೆ ಅನುಕೂಲವಿದೆ. ಸಂದರ್ಶಕರಾಗಿ ಬಂದವರು ಭಾರತದ ಚಾಲನಾ ಪರವಾನಗಿಯಲ್ಲಿಯೇ 12 ತಿಂಗಳವರೆಗೆ ಇಲ್ಲಿ ಕಾರು ಓಡಿಸಬಹುದು, ವಾಹನಗಳು ಎಡಗಡೆಯೇ ಚಲಿಸುತ್ತವೆ. ಆದರೆ ಎತ್ತರದ ಗಿಡಬೇಲಿಗಳ ನಡುವಣ ಹಳ್ಳಿಯ ಓಣಿಗಳು ಒಂದೇ ಕಾರಿನ ಅಗಲದವು. ಎದುರಿಗೆ ವಾಹನ ಬಂದರೆ ದಾರಿ ಅಗಲವಾಗಿರುವ ಜಾಗದವರೆಗೆ ಹಿಮ್ಮುಖವಾಗಿ ಹೋಗಬೇಕಾಗುತ್ತದೆ. ಲಂಡನ್ನಿನ ನಡುವೆ ಕಾರು ಬಾಡಿಗೆಗೆ ಪಡೆದು ಅಲ್ಲಿನ ದಟ್ಟಣೆ ಶುಲ್ಕ ಮತ್ತು ಟ್ರಾಫಿಕ್ಕಿನಲ್ಲಿ ಹೊತ್ತು ಕಳೆಯುವ ಬದಲು, ಆಕ್ಸ್‌ಫರ್ಡ್ ಅಥವಾ ಸ್ವಿಂಡನ್ನಿನವರೆಗೆ ರೈಲಿನಲ್ಲಿ ಬಂದು ಅಲ್ಲಿ ಪಡೆಯುವುದು ಜಾಣತನ. ಸಣ್ಣ ಶಾಖೆಗಳು ಶನಿವಾರ ಮಧ್ಯಾಹ್ನಕ್ಕೇ ಮುಚ್ಚುವುದುಂಟು, ಆಟೊಮ್ಯಾಟಿಕ್ ಗೇರಿನ ಕಾರು ಬೇಕಾದವರು ಮುಂಚೆಯೇ ಹೇಳಿಡಬೇಕು.

ಊಟ ಮತ್ತು ಋತು

ಸಸ್ಯಾಹಾರಿಗಳಿಗೆ ಹಳ್ಳಿಯ ಪಬ್ಬುಗಳಲ್ಲಿ ಈಗ ತೊಂದರೆಯಿಲ್ಲ. ಹಬೆಯಾಡುವ ದೊಡ್ಡ ಆಲೂಗಡ್ಡೆಯನ್ನು ಸೀಳಿ ಚೀಸು ಅಥವಾ ಬೀನ್ಸ್ ತುಂಬಿಕೊಡುವ ಜ್ಯಾಕೆಟ್ ಪೊಟೇಟೊ ಎಲ್ಲೆಡೆ ಸಿಗುತ್ತದೆ. ಕಟ್ಟುನಿಟ್ಟಿನವರು ಎರಡು ಸಂಗತಿ ವಿಚಾರಿಸಬೇಕು: ಚಹಾದ ಜೊತೆ ಕೊಡುವ ಸ್ಕೋನ್ ಎಂಬ ಬನ್ನಿಗೆ ಮೊಟ್ಟೆ ಸವರಿರುವುದು ಸಾಮಾನ್ಯ, ಮತ್ತು ಕೆಲವು ಚೀಸುಗಳನ್ನು ಮಾಡಲು ಪ್ರಾಣಿಜನ್ಯ ವಸ್ತು ಬಳಸುತ್ತಾರೆ. ಅನೇಕ ಪಬ್ಬುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಮುಚ್ಚಿ ಸಂಜೆಯೇ ತೆರೆಯುವುದರಿಂದ ನಮ್ಮ ಊಟದ ಹೊತ್ತಿಗೆ ಹೋದರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಚಪಾತಿ ಅಥವಾ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಹೊಳೆಯ ದಂಡೆಯಲ್ಲಿ ತಿನ್ನುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಕಸವನ್ನು ಹಿಂದಕ್ಕೆ ತಂದರಾಯಿತು.

ಮೇ ಮತ್ತು ಜೂನ್ ತಿಂಗಳ ಮಂಗಳವಾರದಿಂದ ಗುರುವಾರದವರೆಗಿನ ದಿನಗಳು ಎಲ್ಲಕ್ಕಿಂತ ಉತ್ತಮ. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಶಾಲಾ ರಜೆ ಇನ್ನೂ ಶುರುವಾಗಿರುವುದಿಲ್ಲ. ಸ್ನೋಸ್‌ಹಿಲ್ ಬಳಿಯ ಲ್ಯಾವೆಂಡರ್ ಹೊಲಗಳನ್ನು ನೋಡಬೇಕೆಂದರೆ ಜುಲೈ ಬೇಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದರಿಂದ, ಮತ್ತು ಕಾಲುದಾರಿಗಳು ಕೆಸರಾಗಿರುವುದರಿಂದ, ಆ ತಿಂಗಳಲ್ಲಿ ನಡಿಗೆಯ ಯೋಜನೆ ಬಿಟ್ಟು ಲೇಕಾಕ್ ಅಥವಾ ಶಿಯರ್ ಆರಿಸಬೇಕು. ಲೇಕಾಕ್ ಮಠದ ಕೋಣೆಗಳು ಚಳಿಗಾಲದಲ್ಲಿ ಎಲ್ಲ ದಿನವೂ ತೆರೆದಿರಲಾರವು, ಹೊರಡುವ ಮೊದಲು ನ್ಯಾಷನಲ್ ಟ್ರಸ್ಟಿನ ತಾಣದಲ್ಲಿ ವೇಳೆಯನ್ನು ನೋಡಿಕೊಳ್ಳಬೇಕು. ಯಾವ ತಿಂಗಳಾದರೂ ಮಳೆಯಂಗಿ ಮತ್ತು ಹಿಡಿತವಿರುವ ಬೂಟು ಇರಲಿ. ಕೊಡೆ ಬಯಲಿನ ಗಾಳಿಗೆ ನಿಲ್ಲುವುದಿಲ್ಲ.